ಗಾಡಿಯ ತಾರೀಖು

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ನೇರಳೆ ಬಣ್ಣದ ಗೆರೆಯೊಂದಿತ್ತು. ರೋಣದ ಕೋರ್ಟಿನಲ್ಲಿ ಸಹಿ ಬಾರದ ಕಕ್ಷಿದಾರರ ಹೆಬ್ಬೆಟ್ಟು ಹಿಡಿದು ಮಸಿಗೆ ಒತ್ತಿಸಿ ಒತ್ತಿಸಿ ಅಂಟಿದ ಬಣ್ಣ. ನಿವೃತ್ತರಾಗಿ ಎಷ್ಟೋ ಕಾಲವಾದರೂ ಅದು ಪೂರ್ತಿ ಅಳಿಯಲಿಲ್ಲ. ಊರಿಗೆಲ್ಲ ಅವರು ಶಿರಸ್ತೇದಾರರು. ನಮಗೆ ಗೋಡೆಗೆ ಗೋಡೆ ಹತ್ತಿದ ಮನೆಯವರು. ಅವರ ಹೆಂಡತಿಯನ್ನು ನಾವು ಅಕ್ಕಾವ್ರು ಎನ್ನುತ್ತಿದ್ದೆವು.

ಕೋರ್ಟು ಬಿಟ್ಟರೂ ಕೋರ್ಟಿನ ಚಾಳಿ ಅವರನ್ನು ಬಿಟ್ಟಿರಲಿಲ್ಲ. ಮದುವೆಗೆ ಹೋಗಿ ಬಂದರೆ "ಹಾಜರಾಗಿ ಬಂದೆ" ಎನ್ನುವರು. ಸಂಜೆ ಕಟ್ಟೆಯ ಮೇಲೆ ನಾನು ಕಾಣದಿದ್ದರೆ ಮರುದಿನ "ನಿನ್ನಿ ಯಾಕ ಗೈರಹಾಜರಿ, ಮಾಸ್ತರ್ರ?" ಎಂದು ವಿಚಾರಣೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಮಕ್ಕಳನ್ನು ಪ್ರಶ್ನೆ ಕೇಳಿ ಹಣಿಯುವ ನನ್ನನ್ನು ಪ್ರಶ್ನೆ ಕೇಳಿ ಹಣಿಯುತ್ತಿದ್ದವರು ಅವರೊಬ್ಬರೇ.

ನಮ್ಮ ಓಣಿಯಲ್ಲಿ ಕರೆಂಟಿನ ಕಾರು ಮೊದಲು ಬಂದದ್ದು ಅವರ ಮನೆಗೆ. ಶೋಕಿಗಾಗಿ ಅಲ್ಲ. ಅಕ್ಕಾವ್ರ ಹೃದಯದ ಕವಾಟವೊಂದು ಸರಿಯಿರಲಿಲ್ಲ, ಹುಬ್ಬಳ್ಳಿಯ ದವಾಖಾನೆಗೆ ಆಗಾಗ ತೋರಿಸಬೇಕಿತ್ತು. ಅವರಿಗೋ ಡೀಸೆಲ್ ವಾಸನೆ ಆಗದು. ಬಸ್ಸಿನಲ್ಲಿ ಕೂತರೆ ಹುಬ್ಬಳ್ಳಿ ಮುಟ್ಟುವವರೆಗೂ ಲಿಂಬೆಹಣ್ಣು ಮೂಗಿಗೆ ಹಿಡಿದೇ ಇರಬೇಕು. ಹೊಸ ಕಾರಿನಲ್ಲಿ ಮೊದಲ ಸಲ ಹೋಗಿ ಬಂದ ದಿನ ಆ ಲಿಂಬೆಹಣ್ಣನ್ನು ಹಾಗೇ ವಾಪಸು ತಂದು ನಮ್ಮ ಮನೆಗೆ ಕೊಟ್ಟರು. "ಶರಬತ್ ಮಾಡ್ಕೊಂಡು ಕುಡೀರಿ, ಇನ್ನ ಇದರ ಕೆಲಸಿಲ್ಲ" ಎಂದರು.

ಆ ಕಾರಿನ ಸರ್ವಿಸಿಂಗ್ ವಿಷಯಕ್ಕೆ ನನಗೂ ಶಿರಸ್ತೇದಾರರಿಗೂ ಜಗಳವೇ ಜಗಳ. ಶೋರೂಮಿನವರು ಫೋನಿಗೆ ಒಂದು ತಾರೀಖು ಕಳಿಸುತ್ತಿದ್ದರು. ಅದು ಬಂತೆಂದರೆ ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹುಬ್ಬಳ್ಳಿಗೆ ಹೊರಟು ನಿಲ್ಲುವರು.

"ಅಲ್ರೀ ಸಾಹೇಬ್ರ, ಇದರಾಗ ಎಂಜಿನ್ ಇಲ್ಲ, ಆಯಿಲ್ ಇಲ್ಲ, ಪ್ಲಗ್ ಇಲ್ಲ. ಅವರರ ಏನ್ ಸರ್ವಿಸ್ ಮಾಡ್ತಾರ? ತೊಳದು ಒರಸಿ ಕೊಡ್ತಾರ. ಟೈರು, ಬ್ರೇಕು ಇಲ್ಲೇ ನೋಡಿಸಿದ್ರಾತು. ವಾರಂಟಿ ಸಲುವಾಗಿ ಅಂದ್ರ ಒಪ್ಪೇನು."

"ನಿಮ್ಮ ಶಾಸ್ತ್ರ ನನಗ ತಿಳ್ಯಂಗಿಲ್ಲ ಮಾಸ್ತರ್ರ. ತಾರೀಖ ಕೊಟ್ಟಾರ. ಹಾಜರಾಗಬೇಕು."

ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಬಾನೆಟ್ ತೆಗೆಯುವುದು ಹೇಗೆಂದೂ ಗೊತ್ತಿಲ್ಲದ ಮನುಷ್ಯ, ಅಲ್ಲಿ ಮೆತ್ತನೆಯ ಕುರ್ಚಿಗಳಿದ್ದರೂ ಕೂರದೆ, ಹೆಸರು ಕೂಗುವವರೆಗೆ ಕೈಕಟ್ಟಿ ನಿಂತೇ ಇದ್ದರು. ಶೋರೂಮಿನವರು ಏಸಿಯ ಫಿಲ್ಟರ್ ಬಿಚ್ಚಿ ತೋರಿಸಿದರು. ಅದರ ತುಂಬ ನಮ್ಮ ಎರೆಹೊಲದ ಕಪ್ಪು ಧೂಳು. ಶಿರಸ್ತೇದಾರರು ನನ್ನತ್ತ ತಿರುಗಿ "ಪುರಾವೆ" ಎಂದರು. ಮನೆಯ ಗೋಡೆಗೆ ನಾಲ್ಕು ಬಾರಿ ಬಡಿದರೂ ಆ ಧೂಳು ಹೋಗುತ್ತಿತ್ತು ಎಂದೆ. ಕೇಳಿಸಿಕೊಳ್ಳಲಿಲ್ಲ. ಕೌಂಟರಿನ ಹೆಣ್ಣುಮಗಳು "ಎಲ್ಲಾ ಚಲೋ ಐತ್ರಿ" ಎಂದಾಗ ಎರಡೂ ಕೈ ಮುಗಿದರು.

ಊರಿಗೆ ಬಂದು ಗೇಟಿನ ಮುಂದೆ ಒಂದು ಸಲ ಹಾರ್ನ್ ಒತ್ತುವುದು ಅವರ ಪದ್ಧತಿ. ಒಳಗಿನಿಂದ ಅಕ್ಕಾವ್ರು "ಏನಂದ್ರು?" ಎಂದು ಕೇಳಬೇಕು.

"ಎಲ್ಲಾ ಚಲೋ ಐತಂತ."

"ಹೋಗೂ ಮುಂದೂ ಚಲೋನ ಇತ್ತಲ್ಲ. ಕೈಕಾಲ ತೊಳಕೊಂಡು ಬರ್ರಿ, ರೊಟ್ಟಿ ಆರತಾವ."

ಬರಬರುತ್ತ ದವಾಖಾನೆಯ ತಾರೀಖುಗಳು ಹತ್ತಿರ ಹತ್ತಿರ ಬಂದವು. ಆಪರೇಷನ್ನಿಗೆ ಮೈ ತಡೆಯುವುದಿಲ್ಲ, ಗುಳಿಗೆಯಲ್ಲೇ ನೋಡೋಣ ಎಂದರು ಡಾಕ್ಟರು. ಸಾಧ್ಯವಾದಾಗಲೆಲ್ಲ ಶಿರಸ್ತೇದಾರರು ಎರಡನ್ನೂ ಒಂದೇ ದಿನಕ್ಕೆ ಹೊಂದಿಸುತ್ತಿದ್ದರು. ಕಾರನ್ನು ಶೋರೂಮಿಗೆ ಬಿಟ್ಟು, ಅಕ್ಕಾವ್ರನ್ನು ಆಟೋದಲ್ಲಿ ದವಾಖಾನೆಗೆ ಕರೆದೊಯ್ಯುವರು. ಅಲ್ಲಿ ಪ್ರತಿ ಸಲವೂ ಏನಾದರೊಂದು ಹೆಚ್ಚಾಗಿರುತ್ತಿತ್ತು: ಕಾಲಿನ ಬಾವು, ಏದುಸಿರು, ಗುಳಿಗೆ. ಶೋರೂಮಿನಲ್ಲಿ ಮಾತ್ರ ಎಲ್ಲಾ ಚಲೋ. ಆ ಒಂದು ಮಾತಿಗಾಗಿ ಅವರು ಅಷ್ಟು ದೂರ ಹೋಗುತ್ತಾರೆಂದು ಹೊಳೆದ ಮೇಲೆ ನಾನು ಜಗಳ ನಿಲ್ಲಿಸಿದೆ.

ಅಂಥ ದಿನಗಳಲ್ಲಿ ಅಕ್ಕಾವ್ರು ಕಾರಿನಲ್ಲೇ ಇರುತ್ತಿದ್ದರಲ್ಲ, ಮನೆಯೊಳಗಿಂದ ಕೇಳುವವರು ಯಾರು? ಅದಕ್ಕೂ ಅವರೇ ಒಂದು ದಾರಿ ಮಾಡಿಕೊಂಡಿದ್ದರು. ಗೇಟಿನ ಮುಂದೆ ಮೊದಲು ತಾವು ಇಳಿದು, ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ದಮ್ಮು ತೆಗೆದುಕೊಂಡು ಅಲ್ಲಿಂದ ಕೇಳುವರು: "ಏನಂದ್ರು?" ಹಾರ್ನ್ ಒತ್ತಿ ಕಾಯುತ್ತಿದ್ದ ಶಿರಸ್ತೇದಾರರು ಹೇಳುವರು: "ಎಲ್ಲಾ ಚಲೋ ಐತಂತ." ನಮ್ಮ ಅಂಗಳದಲ್ಲಿ ನಿಂತು ಅದನ್ನು ಕೇಳುವಾಗ ನನ್ನ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಶ್ರಾವಣದ ಒಂದು ಬೆಳಿಗ್ಗೆ ಪೂಜೆಗೆ ಹೂ ಹರಿಯುತ್ತಿದ್ದ ಅಕ್ಕಾವ್ರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಉಸಿರು ಸಿಗುತ್ತಿರಲಿಲ್ಲ. ಕೂಗು ಕೇಳಿ ನಾನು ಓಡಿದೆ. ಶಿರಸ್ತೇದಾರರು ಕಾರಿನಲ್ಲಿ ಕೂತು ಚಾಲೂ ಮಾಡುವ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತಲೇ ಇದ್ದರು. ಎದುರಿನ ಪರದೆ ಕಪ್ಪಗೇ ಇತ್ತು. ಹಿಂದಿನ ದಿನವಷ್ಟೇ ಪೂರ್ತಿ ಚಾರ್ಜ್ ಮಾಡಿದ್ದ ಗಾಡಿ. ಆದರೆ ಆ ದೊಡ್ಡ ಬ್ಯಾಟರಿಯನ್ನು ಎಬ್ಬಿಸಲು ಒಂದು ಸಣ್ಣ ಬ್ಯಾಟರಿ ಇರುತ್ತದೆ, ಮಾಮೂಲಿ ಕಾರುಗಳಲ್ಲಿರುವಂಥದೇ. ಅದು ಸತ್ತಿತ್ತು. ಹಿಂದಿನ ತಿಂಗಳ ಸರ್ವಿಸ್‌ನಲ್ಲಿ ಅದನ್ನೂ ನೋಡಿ ಚಲೋ ಇದೆ ಎಂದೇ ಹೇಳಿದ್ದರು. ಏನಾಗಿದೆಯೆಂದು ನನಗೆ ತಕ್ಷಣ ತಿಳಿಯಿತು. ತಿಳಿದು ಮಾಡುವುದೇನು? ಇನ್ನೊಂದು ಬ್ಯಾಟರಿಯಿಂದ ಕರೆಂಟ್ ಕೊಡಲು ಬೇಕಾದ ದಪ್ಪ ವೈರು ಓಣಿಯಲ್ಲಿ ಯಾರ ಬಳಿಯೂ ಇರಲಿಲ್ಲ. ಶೋರೂಮಿಗೆ ಫೋನ್ ಮಾಡಿದರೆ ಹುಬ್ಬಳ್ಳಿಯಿಂದ ಮಂದಿ ಕಳಿಸುತ್ತೇವೆ ಎಂದರು.

ಅಕ್ಕಾವ್ರು ಮೆಟ್ಟಿಲ ಮೇಲಿಂದ ಗಂಡನನ್ನೇ ನೋಡುತ್ತಿದ್ದರು. "ಯಾಕ, ಅದಕ್ಕೂ ಉಸರಾಡಾಕ ಆಗವಲ್ತೇನು?" ಎಂದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಚೇಷ್ಟೆ ಅದು.

ಆ ಹೊತ್ತಿಗೆ ಓಣಿಯಲ್ಲಿ ಬೇರೆ ಕಾರು ಸಿಗಲಿಲ್ಲ, ಅಂಬುಲೆನ್ಸಿಗೆ ಹೇಳಿ ಕಾದೆವು. ಅದು ಬಂತು, ಗದಗ ಮುಟ್ಟಿಸಿತು. ಸಂಜೆಗೆ ಅಕ್ಕಾವ್ರು ತೀರಿಕೊಂಡರು. ಕಾರು ಚಾಲೂ ಆಗಿ, ಲಗೂನ ತಂದಿದ್ದರೆ ಉಳಿಯುತ್ತಿದ್ದರೇ ಎಂದು ನಾನು ಡಾಕ್ಟರನ್ನು ಒಂದು ಬದಿಗೆ ಕರೆದು ಕೇಳಿದೆ. "ಉಳೀತಿದ್ರು ಅಂತ ಹೇಳಾಕ ಬರಂಗಿಲ್ರಿ. ಉಳೀತಿರ್ಲಿಲ್ಲ ಅಂತನೂ ಹೇಳಾಕ ಬರಂಗಿಲ್ಲ" ಎಂದರು. ಶಿರಸ್ತೇದಾರರು ನನ್ನ ಹಿಂದೆಯೇ ನಿಂತಿದ್ದರು. ಕೇಳಬಾರದಿತ್ತು ಅನಿಸಿತು.

ನನಗೆ ಸಿಟ್ಟು ತಡೆಯಲಾಗಲಿಲ್ಲ. ದಿನಕರ್ಮಗಳೆಲ್ಲ ಮುಗಿದ ಮೇಲೆ, ಗ್ರಾಹಕರ ಕೋರ್ಟಿಗೆ ಹೋಗೋಣ ಎಂದೆ. "ಯಾರ ಮ್ಯಾಲೆ ಹಾಕ್ಲಿ, ಮಾಸ್ತರ್ರ? ಬ್ಯಾಟರಿ ಮ್ಯಾಲೊ, ಕವಾಟದ ಮ್ಯಾಲೊ?" ಎಂದು ಎದ್ದು ಒಳಗೆ ಹೋದರು.

ಕೆಲವು ತಿಂಗಳಿಗೆ ಫೋನಿಗೆ ಮತ್ತೆ ತಾರೀಖು ಬಂತು. ಈ ಸಲ ಹೋಗಲಾರರು ಎಂದುಕೊಂಡಿದ್ದೆ. ಬೆಳಿಗ್ಗೆ ನೋಡಿದರೆ ಇಸ್ತ್ರಿ ಅಂಗಿ ತೊಟ್ಟು ಕಾರಿನ ಬಳಿ ನಿಂತಿದ್ದಾರೆ. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹತ್ತಿದೆ. ನರಗುಂದದ ಗುಡ್ಡ ಕಂಡಿತು. ಗುಡ್ಡದ ಮೇಲಿನ ಕೋಟೆ ನೋಡಿ ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ಕ್ವಾಟಿ ಸೂರಿ ಹೋದ ಮ್ಯಾಲೆ ದಿಡ್ಡಿ ಬಾಗಲಾ ಹಾಕಿದ್ರಂತ. ಹಂಗಾತಿದು. ಅಷ್ಟೆಲ್ಲಾ ಸರ್ವಿಸ್ ಮಾಡಿಸಿದ್ರೂ ಕೈ ಕೊಡ್ತಲ್ರಿ ಇದು. ಇನ್ನ ಯಾಕ ಹೋಗ್ತೀರಿ?"

ಶಿರಸ್ತೇದಾರರು ರಸ್ತೆಯ ಮೇಲಿನ ಕಣ್ಣು ಕೀಳದೆ ಹೇಳಿದರು: "ತಾರೀಖಿಗೆ ಹಾಜರಿದ್ದವರೆಲ್ಲಾ ಗೆಲ್ಲಂಗಿಲ್ಲ, ಮಾಸ್ತರ್ರ. ನಾ ನೋಡೇನಲ್ಲ, ಒಂದೂ ತಾರೀಖ ತಪ್ಪಿಸದ ಮಂದಿ ಹೊಲಾ ಮನಿ ಕಳಕೊಂಡು ಹೋಗ್ಯಾರ. ಆದ್ರ ಅವರಿಗೆ ಗೈರಹಾಜರಿ ಅಂತ ಯಾರೂ ಬರದಿಲ್ಲ. ನಾ ಆಕೀದೂ ಒಂದ ತಾರೀಖ ತಪ್ಪಿಸಿಲ್ಲ."

ಸಂಜೆ ಗೇಟಿನ ಮುಂದೆ ಕಾರು ನಿಲ್ಲಿಸಿ ರೂಢಿಯಂತೆ ಹಾರ್ನ್ ಒತ್ತಿದರು. ಒತ್ತಿದ ಮೇಲೆ ನೆನಪಾಯಿತೇನೋ, ಕೈ ಅಲ್ಲೇ ಇಟ್ಟುಕೊಂಡು ಕೂತರು. ನಾನು ಇಳಿದು, ಗೇಟು ತೆಗೆದು, ಅವರ ಪಡಸಾಲೆಯವರೆಗೆ ಹೋಗಿ ಅಲ್ಲಿಂದ ಕೇಳಿದೆ, "ಏನಂದ್ರು?"

"ಎಲ್ಲಾ ಚಲೋ ಐತಂತ" ಎಂದರು.

ಮರುವರ್ಷ ಅವರೂ ಹೋದರು, ಮಲಗಿದಲ್ಲೇ. ಕಾರನ್ನು ಬೇರೆ ಊರಿನಲ್ಲಿದ್ದ ಅವರ ಮಗಳು ನನಗೇ ಮಾರಿದಳು. ಈ ಗಾಡಿಗಳಿಗೆ ಶೋರೂಮಿನ ಸರ್ವಿಸ್ ಬೇಕೇ ಎಂದು ಶಾಲೆಯಲ್ಲಿ ಜೊತೆಯವರು ಕೇಳುತ್ತಾರೆ. ಅಂಥದ್ದೇನೂ ಬೇಕಿಲ್ಲ, ವಾರಂಟಿ ಮುಗಿದ ಮೇಲೆ ಟೈರು, ಬ್ರೇಕು, ಸಣ್ಣ ಬ್ಯಾಟರಿ ಊರಲ್ಲೇ ನೋಡಿಸಿಕೊಳ್ಳಿ ಎಂದು ಈಗಲೂ ಅದೇ ಹೇಳುತ್ತೇನೆ. ಹೇಳಿ, ತಾರೀಖು ಬಂದ ದಿನ ರಜೆ ಹಾಕಿ ಹುಬ್ಬಳ್ಳಿಗೆ ಹೋಗುತ್ತೇನೆ. ಊರಿಗೆ ಬಂದು ಗೇಟಿನ ಮುಂದೆ ಹಾರ್ನ್ ಒತ್ತುತ್ತೇನೆ. ಒಳಗಿನಿಂದ ನನ್ನ ಹೆಂಡತಿ "ಏನಂದ್ರು?" ಎಂದು ಕೇಳುತ್ತಾಳೆ. ಪಕ್ಕದ ಮನೆಯ ಮೆಟ್ಟಿಲು ಕಣ್ಣೆದುರಿಗೇ ಇರುತ್ತದೆ. ಅತ್ತ ನೋಡದೆ ಹೇಳಲು ಪ್ರಯತ್ನಿಸುತ್ತೇನೆ.