ಅರಿಷಿಣ ಹತ್ತಿದ ಪುಸ್ತಕ

ಅಣ್ಣನನ್ನು ಮದುವೆಯಾಗಿ ಇಂಗಳೇಶ್ವರಕ್ಕೆ ಬಂದಾಗ ರಾಜಶ್ರೀ ವೈನಿ ಟ್ರಂಕಿನ ತಳದಲ್ಲಿ ಎರಡು ಪುಸ್ತಕ ತಂದಿದ್ದರು. ಒಂದು ಬಿ.ಎ. ಇತಿಹಾಸದ ಗೈಡು. ಅವರಿಗೆ ಅದೊಂದೇ ಪೇಪರ್ ಉಳಿದಿತ್ತು. ಇನ್ನೊಂದು ರಟ್ಟು ಕಿತ್ತ ಹಳೆಯ ಕಾದಂಬರಿ. ಅದರ ಕತೆಯೆಲ್ಲ ಕಾಗದಗಳಲ್ಲೇ ಇತ್ತು. ಚಿಕ್ಕಪ್ಪನ ಮನೆಯಲ್ಲಿ ಸಿಕ್ಕಿಕೊಂಡ ಹುಡುಗಿಯೊಬ್ಬಳು ಗೆಳತಿಗೆ ಬರೆದವು. ಅವಳು ಚಿಕ್ಕಪ್ಪನ ಗೊರಕೆಗೂ ಒಂದು ಹೆಸರಿಟ್ಟಿದ್ದಳು.

ವೈನಿ ಅಡುಗೆಯ ನಡುವೆ ಓದುತ್ತಿದ್ದರು. ಅರಿಷಿಣದ ಕೈಯಲ್ಲೇ ತಿರುವಿ ತಿರುವಿ ಹಾಳೆಗಳ ಮೂಲೆಯೆಲ್ಲ ಹಳದಿಯಾಗಿತ್ತು. ಅವ್ವನಿಗೆ ಓದಲು ಬಾರದು. ಆದರೆ ಮೂಲೆಗೆ ಅರಿಷಿಣ ಹಚ್ಚಿದ್ದರೆ ಅದು ಲಗ್ನದ ಕಾಗದ ಎಂಬುದು ಗೊತ್ತು.

"ಯಾರದವಾ ಲಗ್ನ? ಇಷ್ಟ ಕಾಗದ ಬಂದಾವ, ನನಗ ಒಂದ ಮಾತ ಹೇಳಿಲ್ಲ!"

ವೈನಿ ನಕ್ಕುಬಿಟ್ಟರು. "ಲಗ್ನ ಅಲ್ರಿ ಅತ್ತಿ, ಕತಿ ಐತ್ರಿ."

"ಹಂಗಾರ ಓದು, ಕೇಳೂಣು."

ಅಂದಿನಿಂದ ಮಧ್ಯಾಹ್ನ ನಾವು ಜೋಳ ಹಸನು ಮಾಡುವಾಗ ವೈನಿ ಓದುವರು. ನಾನು ಅವರ ಮಗ್ಗುಲಲ್ಲಿ ಕೂತು ಸಾಲುಗಳ ಮೇಲೆ ಕಣ್ಣಾಡಿಸುತ್ತಿದ್ದೆ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟ ಮೇಲೆ ನನಗಿದ್ದ ಓದು ಅದೊಂದೇ. ಹುಡುಗಿ ಹೊರಡುತ್ತೇನೆ ಎಂದಾಗಲೆಲ್ಲ ಚಿಕ್ಕಪ್ಪ ಬೇಡ ಎನ್ನುವನು. ಅವ್ವ ಮೊರ ಕುಟ್ಟಿ ಬೈಯುವಳು: "ಮುದಿ ಗೂಬಿ! ಕಳಿಸೊ ಕೂಸಿನ್ನ!"

ಕೊನೆಯ ಕಾಗದದಲ್ಲಿ ಹುಡುಗಿ ಟ್ರಂಕು ಹಿಡಿದು ಬಸ್ಸು ಹತ್ತಿದಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬೇಷ್ ಮಾಡಿದ್ಲು."

ವೈನಿ ಆ ಮಾತಿಗೇ ಕಾದಿದ್ದರು. "ಅತ್ತಿ, ಸೋಮವಾರ ಸಿಂದಗ್ಯಾಗ ನನ್ನ ಪರೀಕ್ಷಾ ಐತ್ರಿ. ಇದ ಕಡೀದು. ಮುಂಜಾನಿ ಹೋಗಿ ಸಂಜಿಕೆ ಬರ್ತೇನ್ರಿ."

ಅವ್ವನ ಕೈ ಜೋಳದಲ್ಲೇ ನಿಂತಿತು. "ಆಕಿ ಪುಸ್ತಕದಾಕಿ, ರಾಜಶ್ರೀ. ಆಕಿಗೆ ರೊಟ್ಟಿ ಬಡಿಯೂದಿತ್ತೇನ?"

ರೊಟ್ಟಿ ನಾನು ಬಡಿಯುತ್ತೇನೆ ಎನ್ನಬಹುದಿತ್ತು. ನಾನು ಜೋಳದೊಳಗಿನ ಕಲ್ಲು ಹೆಕ್ಕಿದೆ.

ಸೋಮವಾರ, ಸಿಂದಗಿಗೆ ಹೋಗಲು ವೈನಿ ಹಿಡಿಯಬೇಕಿದ್ದ ಏಳರ ಬಾಗೇವಾಡಿ ಬಸ್ಸು ಹಾರ್ನ್ ಹೊಡೆದು ಹೋಯಿತು. ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ವಾರ ಕಳೆದ ಮೇಲೆ ಅವ್ವನೇ ಕೇಳಿದಳು: "ಆ ಹುಡುಗಿ ಮನಿ ಬಿಟ್ಟ ಹೋಗೂದ ಇನ್ನೊಮ್ಮಿ ಓದವಾ."

ವೈನಿ ಕೊನೆಯ ಕಾಗದ ತೆಗೆದು ನಿಧಾನ ಓದಿದರು: "ಟ್ರಂಕನ್ನು ಮತ್ತೆ ಮಂಚದ ಕೆಳಗೆ ತಳ್ಳಿದೆ. ಚಿಕ್ಕಪ್ಪ ಊಟಕ್ಕೆ ಕರೆಯುತ್ತಿದ್ದಾರೆ. ಇನ್ನು ನಾನು ಕಾಗದ ಬರೆಯುವುದಿಲ್ಲ."

"ಅಯ್ಯ! ಮೊದಲ ಹೋಗಿದ್ಲಲ್ಲ?"

"ಇಲ್ರಿ ಅತ್ತಿ. ನೀವು ಕೇಳಿದ್ದ ತಪ್ಪಾಗೇತಿ."

ಅವ್ವ ನನ್ನ ಕಡೆ ತಿರುಗಿದಳು. "ನೀ ನೋಡ, ಏನ ಬರದೈತಿ?"

ಹಾಳೆಯಲ್ಲಿ ಬಸ್ಸು ಊರು ದಾಟಿತ್ತು. ಆ ಸಾಲಿನ ಮೇಲೆ ವೈನಿಯ ಹಳದಿ ಹೆಬ್ಬೆರಳು ಇತ್ತು.

"ವೈನಿ ಓದಿದ್ದ ಖರೆ ಐತಿ, ಅವ್ವಾ."

ಅವ್ವ ಮೊರ ಕೆಳಗಿಟ್ಟಳು. "ಪಾಪ," ಎಂದಳು, "ಯಾರಾರ ಕಳಿಸಬೇಕಿತ್ತು."