ಕಮಲಾಪುರದಿಂದ ಬರುವಾಗ ಮಾತ್ರ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಬೇಗ ತೀರಿಕೊಂಡ. ಅವ್ವ ಕಲಬುರಗಿಯ ಬ್ರಹ್ಮಪುರದ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿದು ನನ್ನ ಫೀಸು ಕಟ್ಟಿದಳು. ಕನ್ನಡ ಶಾಲೆಯಿಂದ ನೇರವಾಗಿ ಮೆಕ್ಯಾನಿಕಲ್ ಇಂಜಿನಿಯರಿಂಗಿಗೆ ಬಿದ್ದವನು ನಾನು. ಮೊದಲ ವರ್ಷ ಮೇಷ್ಟ್ರು ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಎದ್ದು ನಿಂತು ಕಿಟಕಿಯ ಕಡೆ ನೋಡುತ್ತಿದ್ದೆ. ಆದರೂ ಪಾಸಾದೆ. ಈಗ ಕಲಬುರಗಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಹುಡುಗರಿಗೆ ವಾಹನಗಳ ಪಾಠ ಹೇಳುತ್ತೇನೆ. ಗಾಡಿಯ ಹಿಂದಿನ ಸಸ್ಪೆನ್ಷನ್ನಿನ ಚಿತ್ರವನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲೆ.

ಡಿಗ್ರಿಯಿಂದ ಆದ ಒಂದು ಅನ್ಯಾಯವೆಂದರೆ, ಓಣಿಯಲ್ಲಿ ಏನು ಕೆಟ್ಟರೂ ನನ್ನ ಬಾಗಿಲಿಗೆ ಬರುತ್ತದೆ. ಮಿಕ್ಸರ್, ನೀರಿನ ಪಂಪು, ಹೊಲಿಗೆ ಮಷೀನು, ಒಮ್ಮೆ ಒಬ್ಬರ ಹಲ್ಲಿನ ಸೆಟ್ಟು ಕೂಡ. “ಇಂಜಿನಿಯರ್ ಅದಾನಲ್ಲ, ನೋಡ್ತಾನ ತಗೋರಿ” ಎಂದು ಅವ್ವ ಎಲ್ಲರಿಗೂ ಹೂಂ ಅಂದುಬಿಡುತ್ತಾಳೆ.

ಹೀಗಿರುವ ನಾನು ನಲವತ್ತರ ಹೊಸ್ತಿಲಲ್ಲಿ ಒಂದು ಕಾರು ಕೊಂಡೆ. ಕಾರು ಎಂದರೆ ನಮ್ಮ ಕಡೆ ಒಳಗೆ ಎಂಟು ಮಂದಿ ಕುಳಿತು, ಮೇಲೆ ಜೋಳದ ಚೀಲ ಕಟ್ಟುವಂಥದ್ದು. ನಾನು ಕೊಂಡದ್ದು ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಮೇಲೆ ತಗಡಿಲ್ಲ, ಮಡಚುವ ಬಟ್ಟೆ. ಮೈಯೆಲ್ಲ ಫೈಬರ್, ತೀರಾ ಹಗುರ. ಹೈದರಾಬಾದಿನ ಒಬ್ಬರು ಬೇಸತ್ತು ಮಾರಿದ ಹಳೆಯ ಗಾಡಿ. ಕಾಲೇಜಿನ ಲೈಬ್ರರಿಯಲ್ಲಿ ಅದರ ಫೋಟೋ ನೋಡಿದ ದಿನದಿಂದ ನನ್ನ ತಲೆಯಲ್ಲಿ ಅದು ಕುಳಿತಿತ್ತು.

ಗಾಡಿ ಓಣಿಗೆ ಬಂದ ದಿನ ಅವ್ವ ಅದರ ಸುತ್ತ ಒಂದು ಸುತ್ತು ಹಾಕಿ ಕೇಳಿದಳು: “ಉಳದದ್ದು ಯಾವಾಗ ಬರ್ತದ?”

“ಇಷ್ಟೇ ಅವ್ವ. ಗಾಡಿ ಇರೋದೇ ಇಷ್ಟು.”

“ಇಷ್ಟೇ? ಹಂಗಾರ ನಿನ್ನ ಹೇಣ್ತಿ, ಮಗಳು, ಮಂದಿ ಎಲ್ಲ ಎಲ್ಲಿ ಕೂಡ್ಬೇಕು?”

ಹಾಗಂದರೂ ಅವಳ ಮನಸ್ಸಿನಲ್ಲಿ ಒಂದು ಲೆಕ್ಕವಿತ್ತು. ನನ್ನ ಅಕ್ಕನನ್ನು ಕಲಬುರಗಿ ಹತ್ತಿರದ ಕಮಲಾಪುರಕ್ಕೆ ಕೊಟ್ಟಿದೆ. ಅಕ್ಕನ ಮದುವೆಗೆ ನಾವು ಸುಣ್ಣದ ಲಾರಿಯ ಹಿಂದೆ ನಿಂತು ಹೋಗಿದ್ದೆವು. ಇಳಿದಾಗ ಅವ್ವನ ರೇಷ್ಮೆ ಸೀರೆ ಬೆಳ್ಳಗಾಗಿತ್ತು. ಅಕ್ಕನ ಓಣಿಯ ಮೂಲೆಮನೆಯ ಹೆಂಗಸು ಎಲ್ಲರ ಮುಂದೆ, “ಹೆಣ್ಣಿನ ಕಡಿಯವ್ರು ಗ್ವಾಡಿಗಿ ಹಚ್ಚೋದು ಮುಖಕ್ಕ ಹಚಗೊಂಡ ಬಂದಾರ ನೋಡ್ರೀ” ಎಂದು ನಕ್ಕಿದ್ದಳು. ಅವ್ವ ಅದನ್ನು ಮರೆತಿರಲಿಲ್ಲ. ಈಗ ಅಕ್ಕನ ಮಗಳು ಬಾಣಂತಿಯಾಗಿ ತವರಿಗೆ ಬಂದಿದ್ದಳು. ಕೂಸಿನ ತೊಟ್ಟಿಲ ಕಾರ್ಯಕ್ಕೆ ಮಗನ ಕಾರಿನಲ್ಲಿ ಹೋಗಬೇಕು, ಅದೇ ಓಣಿಯಲ್ಲಿ ಇಳಿಯಬೇಕು, ಅದೇ ಓಣಿಯಿಂದ ಹತ್ತಬೇಕು, ಮೂಲೆಮನೆಯವಳು ನೋಡಬೇಕು. ಅವ್ವನ ಆಸೆ ಇಷ್ಟೇ. ನನ್ನ ಆಸೆಯೂ ಅದೇ.

ಅಡ್ಡ ಬಂದದ್ದು ಒಂದು ಸಪ್ಪಳ.

ಚಳಿ ಬಿದ್ದ ಮೇಲಿನ ಒಂದು ಭಾನುವಾರ ಅಕ್ಕನ ಮನೆಗೆ ಹೋದೆ. ಅವ್ವ ಎಂದಿನಂತೆ ಸ್ಟೀಲಿನ ಡಬ್ಬಿಯ ತುಂಬ ಶೇಂಗಾ ಹೋಳಿಗೆ ಕಳಿಸಿದ್ದಳು. ಸಂಜೆ ಹೊರಡುವಾಗ ಅಕ್ಕ ಡಬ್ಬಿಯನ್ನು ತೊಳೆದು, ಹಳೆಯ ಟವೆಲಿನಲ್ಲಿ ಸುತ್ತಿ ಡಿಕ್ಕಿಯ ಮೂಲೆಗೆ ಒತ್ತಿಟ್ಟಳು. ಅಕ್ಕನ ಗಂಡ, ನಮ್ಮ ಮಾಮ, ತಮ್ಮ ತೋಟದ ಕೆಂಪು ಬಾಳೆಯ ಚಿಪ್ಪುಗಳನ್ನು ಪಕ್ಕಕ್ಕಿಟ್ಟರು. ಊರು ದಾಟುವ ಮೊದಲೇ, ಮೊದಲ ರೋಡ್ ಹಂಪಿನ ಮೇಲೆ ಹಿಂದಿನಿಂದ ಬಂತು: ಟಕ್.

ಆಮೇಲೆ ಪ್ರತಿ ತಗ್ಗಿಗೂ ಟಕ್. ಎರಡು ತಗ್ಗಿದ್ದರೆ ಟಕ್ ಟಕ್. ಹಿಂದಿನ ಎಡಗಾಲಿಯ ಮೇಲಿನಿಂದ ಬರುತ್ತಿತ್ತು. ಫೈಬರಿನ ಗಾಡಿ ಎಂದರೆ ಹಲಗೆ ವಾದ್ಯ ಇದ್ದ ಹಾಗೆ, ಸಣ್ಣದಾಗಿ ತಾಗಿದರೂ ಮೈಯೆಲ್ಲ ಮೊಳಗುತ್ತದೆ.

ಆಮೇಲೆ ಹೋದಾಗಲೆಲ್ಲ ಇದೇ ಆಯಿತು. ಒಂದು ಸಲ ಅವ್ವ ಜೊತೆಗೆ ಬಂದಳು. ಹೋಗುವಾಗ ಗಾಡಿ ಪಿಟಕ್ ಎನ್ನಲಿಲ್ಲ. ಬರುವಾಗ ಮತ್ತೆ ಟಕ್ ಟಕ್. ಅವ್ವ ಪ್ರತಿ ಸಪ್ಪಳಕ್ಕೂ ಹಿಂದೆ ತಿರುಗಿ ನೋಡುತ್ತಿದ್ದಳು. ಮನೆಯ ಮುಂದೆ ಇಳಿಸಲು ಕೈ ಕೊಟ್ಟಾಗ ಹೇಳಿದಳು:

“ನಾ ಇನ್ನ ಇದರಾಗ ಕೂಡಂಗಿಲ್ಲಪ್ಪ.”

“ಯಾಕವ್ವ?”

“ಬೆನ್ನ ಹಿಂದ ಯಾರೋ ಬಾಗಿಲ ಬಡದಂಗ ಆಗ್ತದ. ತೊಟ್ಟಿಲ ದಿನ ಬೀಗರೆಲ್ಲ ಕಳಸಾಕ ಓಣ್ಯಾಗ ನಿಂತಿರ್ತಾರ. ಅವ್ರ ಮುಂದ ಟಕ್ ಟಕ್ ಅನಕೋತ ಹೋಗ್ಲೇನು? ಆ ಮೂಲಿಮನಿಯಾಕಿ ಏನಂದಾಳು? ಬಸ್ಸಿಗಿ ಹೋಗ್ತೀನಿ ನಾ.” ಒಳಗೆ ಹೋದವಳು ಮತ್ತೆ ಬಾಗಿಲಿಗೆ ಬಂದಳು. “ನಾಕ ವರ್ಷ ಕಲ್ತಿ. ಒಂದ್ ಸಪ್ಪಳ ಹಿಡಿಲಾಕ ಬರಂಗಿಲ್ಲೇನು ನಿನಗ?”

ಹಲ್ಲಿನ ಸೆಟ್ಟು ರಿಪೇರಿ ಮಾಡಿದವನಿಗೆ ಈ ಮಾತು.

ಮರುದಿನವೇ ರೋಜಾ ಬಡಾವಣೆಯ ಹತ್ತಿರದ ನನ್ನ ಪರಿಚಯದ ಮೆಕ್ಯಾನಿಕ್ ಹತ್ತಿರ ಹೋದೆ. ಆತ ಗಾಡಿ ತೆಗೆದುಕೊಂಡು ಅಂಗಡಿ ಸಾಲಿನ ಎಲ್ಲ ತಗ್ಗು ದಿನ್ನೆಗಳ ಮೇಲೆ ಹೊಡೆದ. ನಾನು ಪಕ್ಕದಲ್ಲಿ ಕಿವಿಗೊಟ್ಟು ಕುಳಿತೆ. ಏನೂ ಇಲ್ಲ.

“ಸರ್, ಆವಾಜ್ ಎಲ್ಲದ ರೀ?”

“ಹಿಂದ, ಎಡಕ್ಕ. ಕಮಲಾಪುರದಿಂದ ಬರೋವಾಗ ಬರ್ತದ.”

“ಹೋಗೋವಾಗ?”

“ಬರಂಗಿಲ್ಲ.”

ಆತ ಗಾಡಿ ನಿಲ್ಲಿಸಿ ನನ್ನ ಮುಖ ನೋಡಿದ. “ಕಮಲಾಪುರದಾಗ ಗಾಡಿಗಿ ಯಾರರ ಏನರ ಅಂದಾರೇನ್ರೀ ಸರ್? ನಾರಾಜ್ ಆಗ್ಯಾದ ಅನಸ್ತದ.”

ನಾನು ನಗಲಿಲ್ಲ. ಜ್ಯಾಕ್ ಹಚ್ಚಿ ಗಾಡಿ ಎತ್ತಿಸಿದೆ. ಗಾಲಿ ಹಿಡಿದು ಮೇಲೆ ಕೆಳಗೆ, ಅತ್ತ ಇತ್ತ ಅಲುಗಾಡಿಸಿದೆ. ಶಾಕ್ ಅಬ್ಸಾರ್ಬರ್ ಸೋರಿರಲಿಲ್ಲ. ನಟ್ಟುಗಳೆಲ್ಲ ಬಿಗಿ. ಸ್ಪ್ರಿಂಗು ಮುರಿದಿರಲಿಲ್ಲ. ಸೈಲೆನ್ಸರ್ ಯಾವುದಕ್ಕೂ ತಾಗುತ್ತಿರಲಿಲ್ಲ.

ಉಳಿದದ್ದು ಬುಷ್. ಲೋಹಕ್ಕೆ ಲೋಹ ತಾಗದಿರಲಿ ಎಂದು ನಡುವೆ ಕೂರಿಸುವ ರಬ್ಬರಿನ ಬಳೆ ಅದು. ರಬ್ಬರು ತಂಪಿಗೆ ಬಿರುಸಾಗುತ್ತದೆ, ಬಿಸಿಲಿಗೆ ಮೆತ್ತಗಾಗುತ್ತದೆ. ನನ್ನ ಸಪ್ಪಳವೂ ಹಾಗೇ ಇತ್ತು! ಅಕ್ಕನ ಮನೆಯಲ್ಲಿ ವಸ್ತಿ ಮಾಡಿ ನಸುಕಿನಲ್ಲಿ ಹೊರಟರೆ ಗಟ್ಟಿಯಾಗಿ ಟಕ್ ಟಕ್. ಮಧ್ಯಾಹ್ನದ ಬಿಸಿಲಿನಲ್ಲಿ ಹೊರಟರೆ ಸ್ವಲ್ಪ ದೂರ ಬಡಿದು, ಸಣ್ಣಗಾಗಿ, ಕಲಬುರಗಿ ಬರುವಷ್ಟರಲ್ಲಿ ನಿಂತೇ ಹೋಗುತ್ತಿತ್ತು. ಇದಕ್ಕಿಂತ ಸ್ಪಷ್ಟವಾದ ಲಕ್ಷಣ ಯಾವ ಪುಸ್ತಕದಲ್ಲೂ ಇರಲಾರದು. ಎರಡೂ ಕಡೆಯ ಬುಷ್ ಬದಲಿಸು ಎಂದೆ.

“ನೀವ್ ಹೇಳ್ತೀರಂತ ಬದಲಿ ಮಾಡ್ತೀನ್ರೀ,” ಎಂದ ಆತ. “ಗಾಡಿ ಅಂತೂ ಹೇಳವಲ್ದು.”

ಹೊಸ ಬುಷ್ ಹಾಕಿಸಿಕೊಂಡು, ಕ್ಲಾಸಿನಲ್ಲಿ ಆ ವಾರ ಹುಡುಗರಿಗೆ ಇದನ್ನೇ ಉದಾಹರಣೆಯಾಗಿ ಪಾಠ ಮಾಡಿದೆ. ಭಾನುವಾರ ಕಮಲಾಪುರಕ್ಕೆ ಹೋದೆ. ಬರುವಾಗ, ಅದೇ ಹಂಪು, ಅದೇ ಟಕ್. ಸೋಮವಾರ ಹುಡುಗರು “ಸರ್, ಸಪ್ಪಳ ಹೋಯ್ತೇನ್ರೀ?” ಎಂದು ಕೇಳಿದರು. ಸಿಲಬಸ್ ಬಹಳ ಉಳಿದಿದೆ ಎಂದು ಮುಂದಿನ ಪಾಠಕ್ಕೆ ಹೋದೆ.

ಆಮೇಲೆ ನನ್ನ ಸಂಶಯ ಬಾಳೆಹಣ್ಣಿನ ಮೇಲೆ ತಿರುಗಿತು. ಹೋಗುವಾಗ ಇಲ್ಲದ ಭಾರ ಬರುವಾಗ ಇರುತ್ತದೆ. ಹಗುರ ಗಾಡಿ, ಹಿಂದೆ ಭಾರ ಬಿದ್ದರೆ ಸ್ಪ್ರಿಂಗು ಕುಸಿದು ಏನೋ ತಾಗುತ್ತಿರಬೇಕು. ಬಾಳೆಹಣ್ಣು ಡಿಕ್ಕಿಯಲ್ಲಿಟ್ಟುಕೊಂಡು ಕಲಬುರಗಿಯಲ್ಲೇ ಐವಾನ್-ಎ-ಶಾಹಿಯ ರಸ್ತೆಗಳಲ್ಲಿ ಸುತ್ತಿದೆ. ಸಪ್ಪಳವಿಲ್ಲ, ಹಣ್ಣು ಮಾತ್ರ ಕಪ್ಪಾದವು. ಮುಂದಿನ ಭಾನುವಾರ ಅಕ್ಕನ ಮನೆಯಿಂದ ಬಾಳೆಹಣ್ಣು ಒಲ್ಲೆ ಎಂದೆ. ಮಾಮನಿಗೆ ಸಿಟ್ಟು ಬಂತು.

“ಹಣ್ಣಿನಾಗ ಏನ್ ಎಲುಬ ಅದಾವೇನು, ಸಪ್ಪಳ ಮಾಡಾಕ?”

“ಪರೀಕ್ಷಾ ಮಾಡಾಕತ್ತೀನ್ರೀ ಮಾಮಾ.”

“ನಿನ್ನ ಪರೀಕ್ಷಾ ಮುಗದು ಪಾಸ್ ಆಗಿದ್ದಿ ಅಂತ ತಿಳಕೊಂಡಿದ್ದೆ.”

ಹಣ್ಣಿಲ್ಲದೆ ಬಂದೆ. ಟಕ್ ಟಕ್ ನನಗಿಂತ ಹುರುಪಿನಿಂದ ಬಂತು.

ತೊಟ್ಟಿಲಿಗೆ ಒಂದೇ ವಾರ ಉಳಿಯಿತು. ಅವ್ವ ಬಸ್ಸಿನ ಹೊತ್ತು ವಿಚಾರಿಸತೊಡಗಿದಳು, ಅದೂ ನನಗೆ ಕೇಳುವ ಹಾಗೆ. ತೊಟ್ಟಿಲ ಕಾರ್ಯದ ಸಾಮಾನು ಇಳಿಸುವ ನೆಪದಲ್ಲಿ ಮತ್ತೆ ಕಮಲಾಪುರಕ್ಕೆ ಹೋದೆ. ಹೊರಡುವ ಹೊತ್ತಿಗೆ, ಡಿಕ್ಕಿಯಲ್ಲಿ ಎಲ್ಲ ಎಂದಿನಂತೆ ಇಟ್ಟ ಮೇಲೆ, ಮಾಮನಿಗೆ ಹೇಳಿದೆ: “ಮಾಮಾ, ಗಾಡಿ ನಾ ಹೊಡೀಬೇಕು, ಕಿವಿ ಹಿಂದ ಇರಬೇಕು. ನನ್ನ ಹತ್ರ ಎರಡೂ ಆಗೂದಿಲ್ಲ. ನೀವು ಜರಾ ಡಿಕ್ಕ್ಯಾಗ ತಲಿ ಇಡ್ರಿ.”

ಮಾಮ ದಪ್ಪನೆಯ ಮನುಷ್ಯ. ಬಾಳೆಹಣ್ಣು ಇಳಿಸಿ ಅವರಿಗೆ ಜಾಗ ಮಾಡಿದರೂ ಆ ಡಿಕ್ಕಿಯಲ್ಲಿ ಅರ್ಧ ಮಾಮ ಮಾತ್ರ ಹಿಡಿಸಿದರು. ಹೊಟ್ಟೆ ಅಂಚಿಗೆ, ತಲೆ ಒಳಗೆ, ಕಾಲು ಹೊರಗೆ. ಮೂಲೆಮನೆಯ ಪಕ್ಕದಿಂದ ತೋಟಕ್ಕೆ ಹೋಗುವ ಕಚ್ಚಾ ದಾರಿಯಲ್ಲಿ ಮೊದಲ ಗೇರಿನಲ್ಲಿ, ನಡೆಯುವವರಿಗಿಂತ ಮೆಲ್ಲಗೆ ಹೊಡೆದೆ. ಅಕ್ಕ ಪಕ್ಕದಲ್ಲಿ ಗಂಡನ ಕಾಲು ಹಿಡಿದುಕೊಂಡು ನಡೆಯುತ್ತಿದ್ದಳು.

ಬಾಗಿಲಲ್ಲಿ ಕುಳಿತಿದ್ದ ಮೂಲೆಮನೆಯ ಹೆಂಗಸು ಕೂಗಿದಳು. ಈಗ ಮುದುಕಿ, ಕಿವಿ ಮಂದ. “ಏನಾಗ್ಯಾದವ್ವ ನಿನ್ನ ಗಂಡಗ? ದವಾಖಾನಿಗಿ ಒಯ್ಯಾಕತ್ತೀರೇನು?”

“ಏನೂ ಆಗಿಲ್ರೀ! ಗಾಡಿ ನೋಡಾಕತ್ತಾರ!” ಎಂದಳು ಅಕ್ಕ.

“ಆಂ? ನಾಡಿ ನೋಡಾಕತ್ತಾರೇನು? ಪಾಪ!”

ಡಿಕ್ಕಿಯೊಳಗಿಂದ ಮಾಮನ ದನಿ ಬಂತು: “ಬರಾಕತ್ತದ! ಟಕ್ ಅಂತು! ನನ್ನ ಮೂಗಿನ ಮುಂದೇ ಅದ. ಗಾಲಿ ಕೆಳಗಲ್ಲೋ, ಇಲ್ಲೇ ಮ್ಯಾಲ!” ಮುಂದಿನ ತಗ್ಗಿನಲ್ಲಿ ಗಾಡಿ ಕುಲುಕಿತು. ಮಾಮ ಬೀಳುವ ಭಯಕ್ಕೆ ಕೈಗೆ ಸಿಕ್ಕದ್ದನ್ನು ಅವುಚಿಕೊಂಡರು. “ನಿಲ್ಲಸೋ! ಸಪ್ಪಳ ನನ್ನ ಕೈಯಾಗ ಬಂತು!”

ಬ್ರೇಕ್ ಹಾಕಿ ಓಡಿ ಹೋದೆ. ಮಾಮನ ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಅವ್ವನ ಡಬ್ಬಿ. ಅಲುಗಾಡಿಸಿದರು. ಟಕ್.

ಆ ಡಬ್ಬಿಯನ್ನು ನಾನು ಎಷ್ಟೋ ಸಲ ಮುಟ್ಟಿ ನೋಡಿದ್ದೆ. ಗಾಲಿಯ ಮೇಲಿನ ಮೂಲೆಗೆ ಒತ್ತಿ ಕುಳಿತಿರುತ್ತಿತ್ತು, ಅಲುಗುತ್ತಿರಲಿಲ್ಲ. ತೊಳೆದ ಡಬ್ಬಿ, ಒಳಗೆ ಏನಿರುತ್ತದೆ ಎಂದು ಮುಚ್ಚಳ ತೆಗೆದಿರಲಿಲ್ಲ. ಈಗ ತೆಗೆದೆ. ತಳದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಬೆಲ್ಲದ ಹೆಂಟೆ.

“ಅಕ್ಕಾ, ಇದೇನು?”

“ಬೆಲ್ಲ.”

“ಬೆಲ್ಲ ಅಂತ ಗೊತ್ತದ. ಯಾಕ ಇಟ್ಟಿ?”

ಅಕ್ಕ ನನ್ನನ್ನು ನೋಡಿದ ರೀತಿ, ನಾನು ಡಿಗ್ರಿಯ ಬದಲು ಬೇರೇನೋ ಕಲಿತು ಬಂದವನೆನ್ನುವ ಹಾಗಿತ್ತು. “ತವರಮನಿ ಡಬ್ಬಿ ಖಾಲಿ ಕಳಸ್ತಾರೇನೋ? ಪ್ರತಿ ಸಲ ಇಡ್ತೀನಿ. ಅವ್ವ ನಿನಗ ಹೇಳಿಲ್ಲೇನು?”

ಅವ್ವ ಏಕೆ ಹೇಳುತ್ತಾಳೆ? ನಾನು ಬಂದ ಕೂಡಲೇ ಡಬ್ಬಿ ಇಸಿದುಕೊಂಡು ಅಡಿಗೆಮನೆಗೆ ಹೋಗುವಳು. ಬೆಲ್ಲ ಅಲ್ಲಿಂದ ಚಹಾಕ್ಕೆ ಹೋಗುತ್ತಿತ್ತು. ರೋಜಾದ ಮೆಕ್ಯಾನಿಕ್‌ನ ಹತ್ತಿರ ಗಾಡಿ ಹೋಗುವಾಗ ಸಪ್ಪಳ ನನ್ನ ಹೊಟ್ಟೆಯಲ್ಲಿರುತ್ತಿತ್ತು. ಇನ್ನು ಆ ತಂಪು ಬಿಸಿಲಿನ ಲಕ್ಷಣ! ನಸುಕಿನ ತಂಪಿಗೆ ಬೆಲ್ಲ ಕಲ್ಲಾಗಿ ಬಡಿಯುತ್ತದೆ, ಬಿಸಿಲಿಗೆ ಮೆತ್ತಗಾಗಿ ತಳಕ್ಕೆ ಅಂಟಿ ಸುಮ್ಮನಾಗುತ್ತದೆ. ರಬ್ಬರಿನ ನಡತೆಯನ್ನು ಬೆಲ್ಲ ಇಷ್ಟು ಚೆನ್ನಾಗಿ ಕಲಿತಿರುತ್ತದೆಂದು ನನಗೆ ಯಾವ ಸೆಮಿಸ್ಟರಿನಲ್ಲೂ ಹೇಳಿರಲಿಲ್ಲ.

ಆದರೂ ನಾನು ಕಲಿತವನು. ಡಬ್ಬಿಯನ್ನು ಅಕ್ಕನ ಕೈಗೆ ಕೊಟ್ಟು ಅದೇ ದಾರಿಯಲ್ಲಿ ಮತ್ತೆ ಹೊಡೆದೆ. ಮೌನ. ಡಬ್ಬಿ ಇಟ್ಟು ಹೊಡೆದೆ. ಟಕ್. ಮಾಮ ಸೊಂಟ ನೀವಿಕೊಳ್ಳುತ್ತ, “ಗಾಡಿ ಬೇಷ ಅದ, ನನ್ನ ಬುಷ್ ಹೋದ್ವು” ಎಂದರು.

ಮನೆಗೆ ಬಂದು ಅವ್ವನ ಮುಂದೆ ಎಲ್ಲ ಬಿಡಿಸಿ ಹೇಳಿದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಮುಖ ಗಂಟಿಕ್ಕಿದಳು.

“ಅಂದ್ರ ತಪ್ಪು ನನ್ನ ಮಗಳದು ಅಂತೀಯೇನು?”

“ಯಾರದೂ ತಪ್ಪಲ್ಲವ್ವ. ಬೆಲ್ಲದ ಬದಲಿ ಒಂದ್ ಮುಷ್ಟಿ ಸಕ್ರಿ ಹಾಕಂದ್ರ ಆತು.”

“ಸಕ್ರಿ! ನಾ ಸಕ್ರಿ ಬೇಡಾಕಿ ಅಂತ ಬೀಗರ ಮನ್ಯಾಗ ಹೇಳಸ್ತಿಯೇನು? ಆಕಿ ಏನ್ ಇಟ್ಟರೂ ಇಡ್ಲಿ. ನೀ ಬಾಯಿ ಹಾಕಬ್ಯಾಡ.” ಡಬ್ಬಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. ಮತ್ತೊಮ್ಮೆ ಅಲುಗಾಡಿಸಿದಳು. ಮುಖದ ಗಂಟು ಮೆಲ್ಲಗೆ ಸಡಿಲಾಯಿತು. “ಹೌದೋ, ಇದೇ ಸಪ್ಪಳ. ನಿನ್ನ ಗಾಡಿದಲ್ಲ.” ಡಬ್ಬಿ ಕೆಳಗಿಟ್ಟು ಕೇಳಿದಳು: “ಆ ಸೀಟು ಭಾಳ ತಗ್ಗಿನಾಗದ. ಒಂದು ದಿಂಬು ಇಟಗೊಳ್ಳಾಕ ಬರ್ತದೇನು?”

ತೊಟ್ಟಿಲ ದಿನ ಅವ್ವ ದಿಂಬಿನ ಮೇಲೆ ಕುಳಿತು, ತಲೆಯ ಸೆರಗು ಹಾರದಂತೆ ಹಿಡಿದು, ನನ್ನ ಪಕ್ಕದಲ್ಲಿ ಕಮಲಾಪುರಕ್ಕೆ ಬಂದಳು. ನನ್ನ ಹೆಂಡತಿ, ಮಗಳು ಬಸ್ಸಿಗೆ ಬಂದರು. ನಾನು ತಗ್ಗು ತಪ್ಪಿಸುತ್ತ ಹೊಡೆದದ್ದಕ್ಕೆ ಅವರೇ ಮೊದಲು ಮುಟ್ಟಿದ್ದರು.

ಸಂಜೆ ಹೊರಡುವಾಗ ಅವ್ವ ಹೇಳಿದಂತೆ ಓಣಿಯೆಲ್ಲ ನಿಂತಿತ್ತು. ಅಕ್ಕ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಡಿಕ್ಕಿಯ ಕಡೆ ಹೊರಟಳು. ಅವ್ವ ಕೈ ಚಾಚಿ ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡಳು. ಗಟಾರದ ಮೇಲಿನ ಹಾಸುಗಲ್ಲು ದಾಟುವಾಗ ಅವಳ ಮಡಿಲಿನಲ್ಲಿ ಸಣ್ಣಗೆ ಟಕ್ ಎಂದಿತು. ನಾನು ತಿರುಗಿ ನೋಡಿದೆ.

“ಅದು ನಂದು,” ಎಂದು ಅವ್ವ ಡಬ್ಬಿಯನ್ನು ಬಿಗಿಯಾಗಿ ಹಿಡಿದಳು. “ನೀ ಮುಂದ ನೋಡಿ ಹೊಡಿ.”

ಗಾಡಿ ಸದ್ದಿಲ್ಲದೆ ಓಣಿಯ ತುದಿಗೆ ಬಂತು. ಮೂಲೆಮನೆಯ ಮುದುಕಿ ಬಾಗಿಲಲ್ಲಿ ಕುಳಿತು ಬೇರೆ ಕಡೆ ನೋಡುತ್ತಿದ್ದಳು.

“ನಿಂದ್ರಸು,” ಎಂದಳು ಅವ್ವ. “ಹಾರನ್ ಹೊಡಿ.”

ಹೊಡೆದೆ. ಮುದುಕಿ ಅಲುಗಲಿಲ್ಲ.

ಅವ್ವ ಸೆರಗು ಸರಿಮಾಡಿಕೊಂಡು, ದಿಂಬಿನ ಮೇಲೆ ಇನ್ನಷ್ಟು ನೆಟ್ಟಗೆ ಕುಳಿತಳು. “ಜೋರಾಗಿ ಹೊಡಿಯೋ. ಆಕಿ ನೋಡೋತನಕ ನಾ ಇಲ್ಲಿಂದ ಹೋಗಂಗಿಲ್ಲ.”