ಆಂಡೀಸ್‌ನಲ್ಲಿ ನಿಮ್ಮವರು ಯಾರಿದ್ದಾರೆ?

ಗಲ್ಫ್‌ನಲ್ಲಿ ನಾವಿರುವ ರೂವಿಯ ಟ್ರಾವೆಲ್ ಏಜೆನ್ಸಿಯಲ್ಲಿ ನಾವು ಕುರ್ಚಿ ಎಳೆದು ಕೂರುವ ಮೊದಲೇ ಕೌಂಟರಿನಾತ ‘ಮಂಗಳೂರು’ ಎಂದು ಟೈಪ್ ಮಾಡಿಯಾಗಿತ್ತು. ಅಲ್ಲ, ಬೊಲಿವಿಯಾ ಎಂದೆ. ಆತ ನನ್ನ ಮುಖ ನೋಡಿದ, ನನ್ನ ಹೆಂಡತಿ ಶೈಲಾಳ ಮುಖ ನೋಡಿದ. ಆಮೇಲೆ ಬಹಳ ಕಾಳಜಿಯಿಂದ, ಅಲ್ಲಿ ನಿಮ್ಮವರು ಯಾರಿದ್ದಾರೆ ಎಂದು ಕೇಳಿದ.

ಯಾರೂ ಇಲ್ಲ. ಅದೇ ತಾನೇ ಮಜಾ?

ಶೈಲಾ ಪಕ್ಕದ ವಾದಿ ಕಬೀರ್ ಬಡಾವಣೆಯ ಶಾಲೆಯಲ್ಲಿ ಭೂಗೋಳ ಕಲಿಸುತ್ತಾಳೆ. ಆಂಡೀಸ್ ಪರ್ವತವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬಿಡಿಸಿದ್ದಾಳೋ, ಕಣ್ಣಾರೆ ಒಮ್ಮೆಯೂ ನೋಡಿಲ್ಲ. ಬೊಲಿವಿಯಾದ ಸಜಾಮ ರಾಷ್ಟ್ರೀಯ ಉದ್ಯಾನ ಅವಳ ಬಹುದಿನದ ಹುಚ್ಚು. ಹಿಮ ಹೊದ್ದ ಜ್ವಾಲಾಮುಖಿ, ಬುಡದಲ್ಲಿ ಬಿಸಿನೀರಿನ ಬುಗ್ಗೆ, ಮೇಯುವ ಲಾಮಾಗಳು, ಮತ್ತೆ ಕುಳ್ಳ ಮರಗಳ ಒಂದು ಕಾಡು. (ಅಷ್ಟು ಎತ್ತರದಲ್ಲಿ ಕಾಡೇ ಇರಬಾರದು, ಆದರೂ ಇದೆ ಎಂದು ಹೇಳುವಾಗ ಅವಳ ಕಣ್ಣು ನೋಡಬೇಕು!)

ಅಲ್ಲಿ ಗಾಳಿ ತೆಳು, ನಾಲ್ಕು ಹೆಜ್ಜೆಗೆ ಏದುಸಿರು. ಹಾಗಾಗಿ ನಾವೀಗ ಲಿಫ್ಟ್ ಬಿಟ್ಟಿದ್ದೇವೆ. ಶುಕ್ರವಾರ ಬಂದರೆ ಜಬಲ್ ಶಮ್ಸ್ ಬೆಟ್ಟದ ಮೇಲೆ ನಡೆಯುತ್ತೇವೆ. ನನ್ನ ಮೊಣಕಾಲು ಬೈಯುತ್ತದೆ, ಮನಸ್ಸು ಮಾತ್ರ ಕುಣಿಯುತ್ತದೆ. ಶಾಲೆಗೆ ರಜೆ ಜೂನ್‌ನಲ್ಲಿ. ಬೊಲಿವಿಯಾದಲ್ಲಿ ಆಗ ಚಳಿ, ಶುಭ್ರ ಆಕಾಶ. ಎಲ್ಲವೂ ಕೂಡಿಬಂದಿತ್ತು.

ಆಗ ನಾನೊಂದು ಎಡವಟ್ಟು ಮಾಡಿದೆ. ರಜೆ ಸ್ಯಾಂಕ್ಷನ್ ಆದ ಖುಷಿಯಲ್ಲಿ, ವರ್ಷವರ್ಷದ ಅಭ್ಯಾಸಬಲದಿಂದ, ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿಗೆ ತಾರೀಕು ಹಾಕಿಬಿಟ್ಟೆ. ಎಲ್ಲಿಗೆ ಹೊರಟಿದ್ದೇವೆ ಎಂದು ಬರೆಯಲಿಲ್ಲ. ಗಲ್ಫ್‌ನವರ ರಜೆ ಎಂದರೆ ಊರಿನವರಿಗೆ ಪಂಚಾಂಗ ಇದ್ದಹಾಗೆ. ಮದುವೆ, ನಾಮಕರಣ, ಎಲ್ಲ ಅದನ್ನು ನೋಡಿಯೇ ನಿಶ್ಚಯ. ಸಂಜೆಯೊಳಗೆ ಕಾಪುವಿನ ನನ್ನ ಅಕ್ಕ ಹೊಸ ಮನೆಯ ಗೃಹಪ್ರವೇಶಕ್ಕೆ ಮುಹೂರ್ತ ಇಡಿಸಿಯಾಗಿತ್ತು. ಸರಿಯಾಗಿ ನಮ್ಮ ರಜೆಯ ನಟ್ಟನಡುವೆ!

ಶೈಲಾ ಸಿಟ್ಟಾಗಲಿಲ್ಲ. ಟಿಕೆಟ್ ಇನ್ನೂ ಹೋಲ್ಡ್‌ನಲ್ಲಿದೆಯಲ್ಲ, ದುಡ್ಡು ಕಟ್ಟಿಲ್ಲ, ಬಿಟ್ಟುಬಿಡೋಣ ಎಂದಳು. ಗೃಹಪ್ರವೇಶಕ್ಕೆ ಯಾವ ಸೀರೆ ಎಂದು ಕಪಾಟು ತೆರೆದು ನಿಂತಳು. ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಸೀರೆ ಹುಡುಕುವುದನ್ನು ನೋಡಲಾಗಲಿಲ್ಲ.

ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ. ತಡವರಿಸುತ್ತ ಬೆಟ್ಟ, ಲಾಮಾ, ಶೈಲಾಳ ಆಸೆ ಎಲ್ಲ ಹೇಳಿದೆ. ಅಕ್ಕ ಪರದೆಯ ಹತ್ತಿರಕ್ಕೆ ಮುಖ ತಂದಳು.

“ಹಾಗಾದ್ರೆ ಜೂನಲ್ಲಿ ನೀವು ಬರುವುದಿಲ್ಲವಾ?”

ಇಲ್ಲ ಎಂದೆ, ಬೈಗುಳಕ್ಕೆ ತಯಾರಾಗಿ. ಅಕ್ಕ ಹೊಟ್ಟೆ ಹಿಡಿದು ನಕ್ಕಳು.

“ಬದುಕಿದೆ ಮಾರಾಯ! ನಿಮ್ಮ ರಜೆ ಅಂತ ನಾವು ವರ್ಷವೂ ಜಡಿಮಳೆಯಲ್ಲಿ ಚಪ್ಪರ ಹಾಕಿ, ಕೆಸರಲ್ಲಿ ಊಟ ಬಡಿಸುವುದು. ನಿಮಗೆ ಬೇಜಾರಾಗ್ತದೆ ಅಂತ ಯಾರೂ ಹೇಳುವುದಿಲ್ಲ. ಡಿಸೆಂಬರಲ್ಲಿ ಇಡಿಸ್ತೇನೆ, ನಾಲ್ಕು ದಿನ ಬಂದು ಹೋಗಿ. ಆ ಹುಡುಗಿಯನ್ನು ಮೊದಲು ಕರ್ಕೊಂಡು ಹೋಗು.”

(ಅಕ್ಕ ಹೇಳಿದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಕಡಿಮೆಯಾಗಿದೆ.)

ಶೈಲಾ ಫೋನ್ ಕಸಿದುಕೊಂಡು ‘ಅತ್ತಿಗೆ’ ಎಂದಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಮರುದಿನ ಟಿಕೆಟ್ ಪಕ್ಕಾ ಆಯಿತು. ಇಲ್ಲಿನವರು ಹೇಳುವಂತೆ ಖಲಾಸ್, ಕೆಲಸ ಮುಗಿಯಿತು!

ಇಷ್ಟು ವರ್ಷ ನಮ್ಮ ರಜೆಯನ್ನೆಲ್ಲ ಊರಿಗೆ ಧಾರೆಯೆರೆದೆವು ಎಂದು ಬೀಗುತ್ತಿದ್ದೆವು. ನಿಜವಾಗಿ ತ್ಯಾಗ ಮಾಡಿದ್ದು ಯಾರು ಸ್ವಾಮಿ, ನಾವೋ, ಮಳೆಯಲ್ಲಿ ಕೊಡೆ ಹಿಡಿದು ನಿಂತ ಅವರೋ?